ಪಾರ್ಕಿನ ದುಡ್ಡು ಯಾವ ಜೇಬಿನದು?

(ಮಂಗಳೂರಿನ ಒಂದು ವಾಚನಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಆಡಿದ ಮಾತು. ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲ ಮಾಡಿದ್ದೇನೆ. ಕೊನೆಯ ಪ್ರಶ್ನೆಗಳನ್ನು ನೆನಪಿನಿಂದ ಬರೆದದ್ದು. ಕರೆಂಟು ಹೋಗಿ ಕತ್ತಲಲ್ಲಿ ಮಾತಾಡಿದ ಹತ್ತು ನಿಮಿಷ ಬಿಟ್ಟುಹೋಗಿದೆ. ಆಗ ಆಡಿದ್ದು ಹೆಚ್ಚಾಗಿ ಸೊಳ್ಳೆಯ ವಿಷಯ.)

ಎಲ್ಲರಿಗೂ ನಮಸ್ಕಾರ.

ನಮ್ಮ ಪೇಟೆ ನಡುವಿನ ಹಂಪನಕಟ್ಟೆಯ ಬಾವಿಯಿಂದ ಶುರು ಮಾಡುತ್ತೇನೆ. 2021ರಲ್ಲಿ ಸ್ಮಾರ್ಟ್ ಸಿಟಿಯವರು ಅಲ್ಲಿ ರಸ್ತೆ ಅಗೆಯುವಾಗ ಡಾಮರಿನ ಅಡಿಯಿಂದ ಒಂದು ಹಳೇ ಬಾವಿ ಎದ್ದು ಬಂತಲ್ಲ, ಅದು. ನಾನು ನೋಡಲು ಹೋದ ದಿನ ಅಲ್ಲಿ ಜಾತ್ರೆಯ ಹಾಗೆ ಜನ. ಎಲ್ಲರೂ ಬಗ್ಗಿ ಬಗ್ಗಿ ನೋಡುವವರೇ. ಒಬ್ಬ ಬಸ್ ಡ್ರೈವರ್ ನನ್ನ ಪಕ್ಕ ನಿಂತು, "ಇಷ್ಟು ವರ್ಷ ನಾನು ಬಾವಿಯ ಮೇಲೆ ಬಸ್ ಬಿಟ್ಟದ್ದಾ ಮಾರಾಯ್ರೆ!" ಅಂದ. ಆ ಜಾಗದ ಹೆಸರಿಗೂ ಬಾವಿಗೂ ಒಂದು ಕಥೆ ಉಂಟು. ಅಪ್ಪಣ್ಣ ಅಂತ ಒಬ್ಬರು ಅಲ್ಲಿ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆ ಹೋಗಿ ಹಂಪನಕಟ್ಟೆ ಆಯಿತು ಅಂತ ಹಿರಿಯರು ಹೇಳುವುದು.

ಬಾವಿಯನ್ನು ಮುಚ್ಚಲಿಲ್ಲ, ಉಳಿಸಿದರು. ಸಂತೋಷ. ಆದರೆ ನಾನು ಲೆಕ್ಕದ ಮನುಷ್ಯ. ನನ್ನ ತಲೆಗೆ ಮೊದಲು ಬಂದ ಪ್ರಶ್ನೆ ಬೇರೆ. ಇದನ್ನು ಉಳಿಸುವ ಖರ್ಚನ್ನು ಯಾವ ಲೆಕ್ಕದಲ್ಲಿ ಬರೆಯುತ್ತಾರೆ? ಬಾವಿ ಉಳಿಸಲಿಕ್ಕೆ ಅಂತ ಯಾರ ಬಜೆಟ್ಟಿನಲ್ಲೂ ಒಂದು ಸಾಲು ಇರಲಿಲ್ಲ. ಅದು ಬದುಕಿದ್ದು ರಸ್ತೆಯ ದುಡ್ಡು ಆ ಹೊತ್ತಿಗೆ ಅಲ್ಲೇ ಇತ್ತು ಅನ್ನುವ ಕಾರಣಕ್ಕೆ. ಅದೇ ಬಾವಿ ಯಾವುದೋ ಒಳರಸ್ತೆಯಲ್ಲಿ, ಪಾಲಿಕೆಯ ಸ್ವಂತ ದುಡ್ಡಿನಲ್ಲಿ ಚರಂಡಿ ಮಾಡುವಾಗ ಸಿಕ್ಕಿದ್ದರೆ? ಮಧ್ಯಾಹ್ನದ ಊಟದ ಒಳಗೆ ಒಂದು ಟಿಪ್ಪರ್ ಜಲ್ಲಿ ಬಿದ್ದು ಮುಗಿಯುತ್ತಿತ್ತು ಅಂತ ನನ್ನ ಅಂದಾಜು.

ಇವತ್ತು ನಾನು ಹೇಳುವುದು ಇಷ್ಟೇ. ನಮ್ಮ ಪಾರ್ಕು, ಮೈದಾನ, ಕೆರೆದಂಡೆ, ಹಳೇ ಕಟ್ಟಡ ಇವೆಲ್ಲ ಹೇಗಿರುತ್ತವೆ ಅನ್ನುವುದನ್ನು ನಮ್ಮ ಆಸೆ ತೀರ್ಮಾನ ಮಾಡುವುದಿಲ್ಲ. ಕಾರ್ಪೊರೇಟರ್ ಒಳ್ಳೆಯವರಾ ಕೆಟ್ಟವರಾ ಅನ್ನುವುದೂ ಅಷ್ಟಾಗಿ ಅಲ್ಲ. ದುಡ್ಡು ಯಾವ ಜೇಬಿನಿಂದ ಬಂತು ಅನ್ನುವುದೇ ತೀರ್ಮಾನ ಮಾಡುವುದು. ಜೇಬಿಗೆ ತಕ್ಕ ಹಾಗೆ ಪಾರ್ಕು.

ನಾನು ಕರಾವಳಿಯ ಒಂದು ಸ್ಥಳೀಯ ಸಂಸ್ಥೆಯಲ್ಲಿ ಲೆಕ್ಕ ವಿಭಾಗದಲ್ಲಿ ಇದ್ದವನು. ಯಾವ ಊರು ಅಂತ ಕೇಳಬೇಡಿ, ಪೆನ್ಷನ್ ಬರುತ್ತಾ ಉಂಟು. ಅಲ್ಲಿ ಒಂದು ವಾರ್ಡಿನಲ್ಲಿ ಹದಿನೆಂಟು ಸೆಂಟ್ಸ್ ಜಾಗದಲ್ಲಿ ಪಾರ್ಕು ಆಯಿತು. ಕಂಪೌಂಡು, ಕಮಾನು ಇರುವ ಗೇಟು, ನಾಲ್ಕು ಕಲ್ಲುಬೆಂಚು, ಇಂಟರ್‌ಲಾಕ್ ಹಾಕಿದ ದಾರಿ, ಒಂದು ಉಯ್ಯಾಲೆ, ಒಂದು ಜಾರುಬಂಡಿ. ಎಲ್ಲಕ್ಕಿಂತ ದೊಡ್ಡದು ಗೇಟಿನ ಪಕ್ಕದ ಶಿಲಾಫಲಕ. ಉದ್ಘಾಟನೆ ಏಪ್ರಿಲಿನಲ್ಲಿ. ಆ ದಿನ ಹಂಚಿದ ಲಡ್ಡು ಒಳ್ಳೆಯದಿತ್ತು, ಸುಳ್ಳು ಹೇಳಬಾರದು.

ಜೂನ್ ಬಂತು. ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ಗೊತ್ತಲ್ಲ. ಇಪ್ಪತ್ತು ದಿನದಲ್ಲಿ ಹುಲ್ಲು ಮೊಣಕಾಲಿಗೆ, ಆಟಿ ತಿಂಗಳ ಹೊತ್ತಿಗೆ ಸೊಂಟಕ್ಕೆ. ಹಾವು ನೋಡಿದೆ ಅಂತ ಒಬ್ಬರು ಹೇಳಿದರು. ಮರುದಿನದಿಂದ ಮಕ್ಕಳು ಬರುವುದು ನಿಂತಿತು. ಇಂಜಿನಿಯರ್ ವಿಭಾಗದಿಂದ ನನ್ನ ಟೇಬಲಿಗೆ ಒಂದು ಕಡತ ಬಂತು. ಹುಲ್ಲು ಕತ್ತರಿಸಿದ ಕೂಲಿ, ನಾಲ್ಕು ಸಾವಿರ ರೂಪಾಯಿ, ದಯವಿಟ್ಟು ಪಾವತಿಸಬೇಕು. ನಾನು ಬಜೆಟ್ ಪುಸ್ತಕ ಬಿಡಿಸಿ ಕೂತೆ. ಆ ಪಾರ್ಕಿನ ನಿರ್ವಹಣೆಗೆ ಅಂತ ಒಂದು ಲೆಕ್ಕ ಶೀರ್ಷಿಕೆಯೇ ಇಲ್ಲ! ಪಾರ್ಕು ಕಟ್ಟಲು ಲಕ್ಷಗಟ್ಟಲೆ ಉಂಟು, ಹುಲ್ಲಿಗೆ ನಾಲ್ಕು ಸಾವಿರ ಇಲ್ಲ. ಕೊನೆಗೆ ಕಚೇರಿ ಆವರಣದ ನಿರ್ವಹಣೆ ಅಂತ ಇದ್ದ ಶೀರ್ಷಿಕೆಯಲ್ಲಿ ಹಾಕಿ ಕೊಟ್ಟೆವು. ಎರಡು ವರ್ಷ ಕಳೆದು ಆಡಿಟ್‌ನವರು ಬಂದು, ಕಚೇರಿಯಿಂದ ಎರಡು ಕಿಲೋಮೀಟರ್ ದೂರದ ಜಾಗ ಕಚೇರಿ ಆವರಣ ಹೇಗಾಗುತ್ತದೆ ಅಂತ ಒಂದು ಪ್ಯಾರಾ ಬರೆದರು. ಅವರದ್ದೂ ಸರಿಯೇ. ಆ ಪ್ಯಾರಾಕ್ಕೆ ಉತ್ತರ ಬರೆಯುವುದರಲ್ಲಿ ಹೋದ ಕಾಗದದ ಲೆಕ್ಕ ಯಾರೂ ಕೇಳಲಿಲ್ಲ.

ಮತ್ತೆ ಆ ಉಯ್ಯಾಲೆ. ಉಪ್ಪು ಗಾಳಿಗೆ ಕಬ್ಬಿಣದ ಸರಪಳಿ ಎರಡು ಮಳೆಗಾಲ ತಡೆಯಿತು, ಮೂರನೆಯದ್ದಕ್ಕೆ ತುಂಡಾಯಿತು. ಒಬ್ಬ ಮಗುವಿನ ಅಪ್ಪ, ಮಲ್ಪೆ ಬೋಟಿನಲ್ಲಿ ಕೆಲಸ ಮಾಡುವವರು, ನೀಲಿ ನೈಲಾನ್ ಹಗ್ಗ ತಂದು ಕಟ್ಟಿದರು. ಬೋಟಿನವರ ಗಂಟು, ಬಿಚ್ಚಲಿಕ್ಕೇ ಆಗುವುದಿಲ್ಲ. ನಾನು ನಿವೃತ್ತನಾಗುವ ದಿನ ಹೋಗಿ ನೋಡಿದರೆ ಆ ಹಗ್ಗ ಹಾಗೇ ಇತ್ತು. ಇಡೀ ಪಾರ್ಕಿನಲ್ಲಿ ರಿಪೇರಿ ಆದ ವಸ್ತು ಅದೊಂದೇ.

ಈಗ ಜೇಬುಗಳನ್ನು ಒಂದೊಂದಾಗಿ ನೋಡುವ. ಬೋರ್ ಹೊಡೆಸುವುದಿಲ್ಲ, ಬೇಗ ಮುಗಿಸುತ್ತೇನೆ.

ಮೊದಲನೆಯದು ನಮ್ಮದೇ ಜೇಬು, ಅಂದರೆ ಮನೆ ತೆರಿಗೆ. ನಿಮ್ಮ ರಶೀದಿ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಇವು ಪಾಲಿಕೆ ವಸೂಲಿ ಮಾಡಿ ಬೇರೆಯವರಿಗೆ ಕೊಡಬೇಕಾದ ದುಡ್ಡು. ನಾವೀಗ ಕೂತಿರುವಂಥ ವಾಚನಾಲಯಗಳ ಪರವಾಗಿ ಒಂದು ಸಾಲು ಉಂಟು. ಭಿಕ್ಷುಕರಿಗೂ ಉಂಟು. ಪಾರ್ಕಿಗೆ ಇಲ್ಲ. ಪಾರ್ಕು ಬರುವುದು ಉಳಿದ ದುಡ್ಡಿನಲ್ಲಿ. ಸಂಬಳ, ನೀರು, ಕರೆಂಟು ಬಿಲ್ಲು, ಕಸ, ದಾರಿದೀಪ, ಇವೆಲ್ಲ ಮುಗಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಎರಡನೆಯದು ದೆಹಲಿಯ ಜೇಬು. ಹಣಕಾಸು ಆಯೋಗದ ಅನುದಾನ. 15ನೇ ಆಯೋಗ 2021ರಿಂದ 2026ರ ಅವಧಿಗೆ ಮಂಗಳೂರಿನಂಥ ಊರುಗಳಿಗೆ ಒಂದು ಕಟ್ಟುಪಾಡು ಹಾಕಿತು. ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ, ಉಳಿದ ಶೇ. 40 ನಿಮ್ಮಿಷ್ಟ. ಪಾರ್ಕು ಆ 40ರಲ್ಲಿ ರಸ್ತೆಯ ಜೊತೆ, ತೋಡಿನ ಜೊತೆ, ತಡೆಗೋಡೆಯ ಜೊತೆ ಜಗಳ ಮಾಡಬೇಕಿತ್ತು. ನಮ್ಮ ಗುಡ್ಡದ ಊರಿನಲ್ಲಿ ತಡೆಗೋಡೆಯ ಎದುರು ಯಾರು ಗೆಲ್ಲುತ್ತಾರೆ? ಮನೆ ಜರಿಯುತ್ತಾ ಉಂಟು ಅಂತ ಒಬ್ಬರು ಸಭೆಯಲ್ಲಿ ಅತ್ತರೆ ಪಾರ್ಕಿನ ಕಡತ ತನ್ನಷ್ಟಕ್ಕೇ ಕೆಳಗೆ ಹೋಗುತ್ತದೆ. ಹೋಗಬೇಕಾದ್ದೂ ಹೌದು.

ಬುದ್ಧಿವಂತರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮಳೆನೀರು ಕೊಯ್ಲು ಆ 60ರ ಒಳಗೆ ಬರುತ್ತಿತ್ತು. ಹಾಗಾಗಿ ಪಾರ್ಕು ಅನ್ನದೆ ಕೆರೆ ಅನ್ನಬೇಕು. ಹೂಳು ಎತ್ತಿ, ದಂಡೆ ಕಟ್ಟಿ, ಅದರ ಸುತ್ತ ವಾಕಿಂಗ್‌ಗೆ ಒಂದು ದಾರಿ, ಎರಡು ಬೆಂಚು. ದುಡ್ಡು ನೀರಿನದು, ವಾಕಿಂಗ್ ನಮ್ಮದು. ಎಲ್ಲ ಕಡೆ ಕೆರೆ ಅಭಿವೃದ್ಧಿ ಅಂದರೆ ವಾಕಿಂಗ್ ದಾರಿ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಕಾರಣಗಳಲ್ಲಿ ಇದೂ ಒಂದು. ಕೆಲವು ಕಡೆ ಇದು ಒಳ್ಳೆಯದೇ ಆಗಿದೆ. ಕೆಲವು ಕಡೆ ದಂಡೆಗೆ ಕಾಂಕ್ರೀಟು ಹಾಕಿ ಹಾಕಿ ಕೆರೆ ಒಂದು ದೊಡ್ಡ ಟ್ಯಾಂಕಿಯ ಹಾಗೆ ಆಗಿದೆ. ಕಪ್ಪೆಗೆ ಹತ್ತಿ ಬರಲು ಜಾಗ ಇಲ್ಲ.

ಮೂರನೆಯದು ಮಿಷನ್‌ಗಳ, ಅಂದರೆ ಕೇಂದ್ರದ ದೊಡ್ಡ ಯೋಜನೆಗಳ ಜೇಬು. 2015ರ ಜೂನ್ 25ಕ್ಕೆ ಸ್ಮಾರ್ಟ್ ಸಿಟಿ ಮತ್ತು ಊರುಗಳ ನೀರು, ಒಳಚರಂಡಿಗೆ ಅಂತ ಮಾಡಿದ ಅಮೃತ್ ಎರಡೂ ಒಟ್ಟಿಗೆ ಶುರುವಾದವು. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂತು. ಒಂದೊಂದು ಊರಿಗೆ ಕೇಂದ್ರದಿಂದ 500 ಕೋಟಿ, ಅಷ್ಟೇ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ, ಹೀಗೆ ಲೆಕ್ಕ. ಇದನ್ನು ನಡೆಸಿದ್ದು ಪಾಲಿಕೆ ಅಲ್ಲ, ಅದಕ್ಕೆಂದೇ ಮಾಡಿದ ಕಂಪನಿ. ಅಮೃತ್‌ನಲ್ಲಿ ಪಾರ್ಕಿಗೆ ಅಂತಲೇ ಒಂದು ಪಾಲು ಇತ್ತು, ಯೋಜನೆಯ ಶೇ. 2.5ರವರೆಗೆ. ಮಕ್ಕಳಿಗೆ ಅನುಕೂಲವಾಗಿರಬೇಕು, ನೋಡಿಕೊಳ್ಳಲು ಊರಿನವರನ್ನು ಸೇರಿಸಿದ ಒಂದು ವ್ಯವಸ್ಥೆ ಇರಬೇಕು ಅಂತ ಅದರಲ್ಲಿ ಬರೆದಿತ್ತು. ಆ ಎರಡನೇ ವಾಕ್ಯವನ್ನು ಎಷ್ಟು ಊರಿನವರು ಓದಿದರೋ ದೇವರಿಗೇ ಗೊತ್ತು.

ನಾಲ್ಕನೆಯದು ಶಾಸಕರ ನಿಧಿ, ವರ್ಷಕ್ಕೆ 2 ಕೋಟಿ. ಸಂಸದರದ್ದು 5 ಕೋಟಿ. ಸಂಸದರ ನಿಧಿಯಲ್ಲಿ ಬಾಳಿಕೆ ಬರುವ ಆಸ್ತಿ ಮಾಡಬಹುದು, ತಿಂಗಳು ತಿಂಗಳು ಆಗುವ ಖರ್ಚಿಗೆ ಕೊಡುವ ಹಾಗಿಲ್ಲ. ಗೇಟು, ಕಮಾನು, ಜಿಮ್ಮಿನ ಸಾಮಾನು ಬರುತ್ತವೆ. ಮಾಲಿ ಬರುವುದಿಲ್ಲ.

ಈಗ ಗೊತ್ತಾಯಿತಲ್ವಾ? ಹೊರಗಿನ ಎಲ್ಲ ಜೇಬುಗಳೂ ಕಟ್ಟಲಿಕ್ಕೆ ಕೊಡುತ್ತವೆ. ಮಾಲಿಯ ಸಂಬಳ ಮಾತ್ರ ಮನೆ ತೆರಿಗೆಯಿಂದ ಬರಬೇಕು. ಬಿಟ್ಟಿ ಸಿಗುತ್ತದೆ ಅಂತ ಆನೆ ತಂದು ಕಟ್ಟಿದ ಹಾಗೆ. ಹೊಸ ಪಾರ್ಕು ಕೊಟ್ಟಷ್ಟೂ ಪಾಲಿಕೆಯ ಕೈ ಬಿಗಿಯಾಗುತ್ತದೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ್ದನ್ನು ನೋಡಿಕೊಳ್ಳುವ ಖರ್ಚು ನಿಂತಿಲ್ಲ, ಅದು ಈಗಷ್ಟೇ ಶುರು.

ಜೇಬಿನ ಜೊತೆ ಇನ್ನೊಂದು ಪುಸ್ತಕವೂ ಉಂಟು. ಎಸ್.ಆರ್. ಅನ್ನುತ್ತೇವೆ, ದರಪಟ್ಟಿ. ಒಂದು ಘನ ಮೀಟರ್ ಕಾಂಕ್ರೀಟಿಗೆ ಎಷ್ಟು, ಒಂದು ಚದರ ಮೀಟರ್ ಇಂಟರ್‌ಲಾಕಿಗೆ ಎಷ್ಟು, ಗ್ರಿಲ್ಲಿಗೆ ಕಿಲೋಗೆ ಎಷ್ಟು, ಎಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಇಂಜಿನಿಯರ್ ಅಂದಾಜುಪಟ್ಟಿ ಮಾಡುವಾಗ ಆ ದರ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಹೊಂಗೆ ಮರದ ನೆರಳಿಗೆ ದರ ಇಲ್ಲ. ಗಿಡಕ್ಕೆ ಉಂಟು, ಗುಂಡಿ ತೋಡಲಿಕ್ಕೆ ಉಂಟು. ಆ ಗಿಡ ಮರವಾಗುವ ಏಳೆಂಟು ವರ್ಷಕ್ಕೆ ಇಲ್ಲ. ಬಿಲ್ಲು ಮಾಡಬೇಕಾದರೆ ಅಳತೆ ಪುಸ್ತಕದಲ್ಲಿ ಅಳತೆ ಬರೆಯಬೇಕು. ಬೆಳೆಯುತ್ತಿರುವ ವಸ್ತುವನ್ನು ಹೇಗೆ ಅಳೆಯುವುದು? ಪಾರ್ಕಿನಲ್ಲಿ ಸಿಮೆಂಟು ಜಾಸ್ತಿ ಆಯಿತು ಅಂತ ನಾವು ಗೊಣಗುತ್ತೇವೆ. ಕಂಟ್ರಾಕ್ಟರು ತಿಂದರು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ತಿನ್ನುವುದು ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬ ಪ್ರಾಮಾಣಿಕ ಇಂಜಿನಿಯರ್ ಕೂತು ಅಂದಾಜು ಮಾಡಿದರೂ ಸಿಮೆಂಟೇ ಬರುವ ಹಾಗೆ ಆ ಪುಸ್ತಕ ಉಂಟು.

ಹಳೇ ಕಟ್ಟಡದ ವಿಷಯದಲ್ಲಿ ಇದು ಇನ್ನೂ ಜೋರು. ನಮ್ಮ ಹಳೇ ಗೋಡೆಗಳು ಮುರಕಲ್ಲಿನವು, ಸುಣ್ಣದ ಗಾರೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲ ಪೂರ್ತಿ ಕುಡಿಯುತ್ತದೆ, ದೀಪಾವಳಿ ಕಳೆದ ಮೇಲೆ ನಿಧಾನವಾಗಿ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರು ಬಳಿದರೆ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಎರಡು ವರ್ಷದಲ್ಲಿ ಪ್ಲಾಸ್ಟರು ಹಪ್ಪಳದ ಹಾಗೆ ಎದ್ದು ಬರುತ್ತದೆ. ಬರುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಬೆಲ್ಲ, ಅಳಲೆಕಾಯಿ ನೀರು ಹಾಕಿ ಸುಣ್ಣ ಕೊಳೆಸುವುದು ಗೊತ್ತಿದ್ದ ಮೇಸ್ತ್ರಿಗಳು ಈಗ ಬೆರಳೆಣಿಕೆ. ಅವರು ಟೆಂಡರ್ ಹಾಕುವುದಿಲ್ಲ. ಟೆಂಡರ್ ಹಾಕುವವರಿಗೆ ಸುಣ್ಣ ಬೇಡ. ದರ ಕಡಿಮೆ ಹಾಕಿದವರಿಗೆ ಕೆಲಸ ಕೊಡಬೇಕು ಅನ್ನುವುದು ಚರಂಡಿಗೆ ಸರಿಯಾದ ನಿಯಮ. 1865ರಲ್ಲಿ ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿ ಊರಿಗೊಂದು ಹೆಸರು ಕೊಟ್ಟರು. ಅದೇ ಊರಿನಲ್ಲಿ ಇವತ್ತು ಹಳೇ ಹಂಚಿನ ಮಾಡು ರಿಪೇರಿ ಮಾಡುವ ಬದಲು ಮೇಲಿಂದ ಶೀಟು ಹೊದೆಸುವುದು ಸುಲಭ. ಶೀಟಿಗೆ ದರ ಉಂಟಲ್ಲ.

ಇನ್ನು ಯಜಮಾನರ ಸಮಸ್ಯೆ. ಪಾರಂಪರಿಕ ಜಾಗ ಅಂದ ಕೂಡಲೇ ನಾವು ಪಾಲಿಕೆಗೆ ಬೈಯುತ್ತೇವೆ. ಸುಲ್ತಾನ್ ಬತ್ತೇರಿ ತೆಗೆದುಕೊಳ್ಳಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ಗುರುಪುರ ಹೊಳೆಯ ದಂಡೆಯಲ್ಲಿ. ಅದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಆಚೆಯ 200 ಮೀಟರಿಗೆ ಅನುಮತಿ ಬೇಕು. 2010ರ ತಿದ್ದುಪಡಿ ಹಾಗೆ ಹೇಳುತ್ತದೆ. ಪಾಲಿಕೆ ಅಲ್ಲಿ ದಾರಿದೀಪ ಹಾಕಬಹುದು, ಕಸ ತೆಗೆಯಬಹುದು. ಗೋಡೆಯ ಒಂದು ಕಲ್ಲು ಮುಟ್ಟುವ ಹಾಗಿಲ್ಲ. ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ, ಆ ಹಡಗಿನ ಆಕಾರದ ಮನೆ, ಒಬ್ಬ ಮಗ ತಾಯಿಯ ನೆನಪಿಗೆ ಕೊಟ್ಟದ್ದು. 1960ರಿಂದ ಮ್ಯೂಸಿಯಂ. ಅದು ರಾಜ್ಯದ ಇಲಾಖೆಯದ್ದು. ಪಿಲಿಕುಳ ನಿಸರ್ಗಧಾಮಕ್ಕೆ ಅದರದ್ದೇ ಪ್ರಾಧಿಕಾರ.

ಕದ್ರಿ ಗುಡ್ಡೆ ಅಂತೂ ನೋಡಿ ಕಲಿಯಬೇಕಾದ್ದು. ಪಾರ್ಕು ತೋಟಗಾರಿಕೆ ಇಲಾಖೆಯದ್ದು. ಹಳೇ ಜಿಂಕೆ ವನದ ಜಾಗದಲ್ಲಿ ಸಂಗೀತ ಕಾರಂಜಿ ಮಾಡಿದ್ದು ಮುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಎದುರಿನ ರಸ್ತೆ ಚಂದ ಮಾಡಿದ್ದು ಸ್ಮಾರ್ಟ್ ಸಿಟಿ. ನೀವು ಕಡ್ಲೆಕಾಯಿ ತಿನ್ನುತ್ತಾ ಒಂದು ಸುತ್ತು ಬಂದರೆ ಮೂರು ಕಚೇರಿ ದಾಟಿರುತ್ತೀರಿ. ಸಿಪ್ಪೆ ಎಲ್ಲಿ ಹಾಕಿದಿರಿ ಅನ್ನುವುದರ ಮೇಲೆ ಗುಡಿಸುವವರು ಯಾರು ಅಂತ ತೀರ್ಮಾನ. ಅಲ್ಲಿನ ಪುಟಾಣಿ ರೈಲು ನೆನಪುಂಟಾ? ನನ್ನ ಮಕ್ಕಳು ಅದರಲ್ಲಿ ಕೂತವರು. ಹಳತಾಗಿ ನಿಂತದ್ದು ವರ್ಷಗಟ್ಟಲೆ ನಿಂತೇ ಇತ್ತು. 2018ರಲ್ಲಿ ಹೊಸ ರೈಲು ಬಂತು. ಹಳೇ ರೈಲಿನ ರಿಪೇರಿಗಿಂತ ಹೊಸ ರೈಲಿಗೆ ದುಡ್ಡು ಹುಡುಕುವುದು ಸುಲಭ ಅಂತ ಇಷ್ಟು ಹೊತ್ತು ಹೇಳಿದ್ದಕ್ಕೆ ಬೇರೆ ಉದಾಹರಣೆ ಬೇಡ.

ಗಡಿಯಾರ ಗೋಪುರದ್ದೂ ಅದೇ ಕಥೆ. ತೊಂಬತ್ತರ ದಶಕದಲ್ಲಿ ಟ್ರಾಫಿಕ್ಕಿಗೆ ಅಡ್ಡ ಅಂತ ಕೆಡವಿದೆವು. ಸ್ಮಾರ್ಟ್ ಸಿಟಿಯಲ್ಲಿ ಅದೇ ಜಾಗದಲ್ಲಿ ಹೊಸತು ಕಟ್ಟಿದೆವು. ಟ್ರಾಫಿಕ್ಕು ಈ ನಡುವೆ ಕಡಿಮೆ ಆಯಿತಾ ಅಂತ ಕೇಳಬೇಡಿ. ನನಗೆ ಹೊಸ ಗೋಪುರದ ಮೇಲೆ ಸಿಟ್ಟಿಲ್ಲ. ಕೆಡವುವ ದಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿದವನು ನಾನು, ಆಗಲೂ ಏನೂ ಹೇಳಲಿಲ್ಲ.

ಎಮ್ಮೆಕೆರೆಯ ಈಜುಕೊಳದ ಬಗ್ಗೆ ಒಂದು ಮಾತು. ಸ್ಮಾರ್ಟ್ ಸಿಟಿಯ ದುಡ್ಡು, ಸುಮಾರು 25 ಕೋಟಿ, 2023ರ ನವೆಂಬರಿನಲ್ಲಿ ತೆರೆಯಿತು. ಐವತ್ತು ಮೀಟರ್ ಉದ್ದದ ಕೊಳ. ಹೆಸರು ನೋಡಿ, ಎಮ್ಮೆ ಮೀಯುತ್ತಿದ್ದ ಕೆರೆ ಅಂತ ಹೆಸರೇ ಹೇಳುತ್ತದೆ. ಈಗ ಸ್ಟಾಪ್ ವಾಚ್ ಹಿಡಿದು ಮಕ್ಕಳು ಈಜುತ್ತಾರೆ. ನಮ್ಮ ಊರಿನ ಮಕ್ಕಳು ರಾಷ್ಟ್ರ ಮಟ್ಟಕ್ಕೆ ಹೋಗುವವರು, ಅವರಿಗೆ ಇಂಥದ್ದು ಬೇಕಿತ್ತು. ನನ್ನ ತಕರಾರು ಕೊಳದ ಬಗ್ಗೆ ಅಲ್ಲ. ಈಜುಕೊಳ ಅಂದರೆ ನೀರು ಶುದ್ಧ ಮಾಡುವ ಯಂತ್ರ, ಕ್ಲೋರಿನ್, ಪಂಪು, ಕರೆಂಟು, ಕಾವಲಿಗೆ ಜನ, ದಿನಾ. ಪಾರ್ಕಿನ ಹುಲ್ಲು ಎರಡು ತಿಂಗಳು ಕತ್ತರಿಸದಿದ್ದರೆ ಪಾರ್ಕು ಸಾಯುವುದಿಲ್ಲ. ಕೊಳದ ನೀರು ಎರಡು ವಾರ ಬಿಟ್ಟರೆ ಹಸಿರಾಗುತ್ತದೆ. ಇಂಥದ್ದನ್ನು ಒಪ್ಪುವಾಗ ಕಟ್ಟುವ ಅಂದಾಜುಪಟ್ಟಿಯ ಪಕ್ಕದಲ್ಲೇ ಹತ್ತು ವರ್ಷದ ಖರ್ಚಿನ ಕಾಗದ ಇಡಬೇಕು. ಅಂಥ ಕಾಗದ ಇಟ್ಟ ಒಂದು ಕಡತವೂ ನನ್ನ ನೌಕರಿಯಲ್ಲಿ ನನ್ನ ಟೇಬಲಿಗೆ ಬರಲಿಲ್ಲ.

ಇನ್ನು ನಾವೇನು ಮಾಡಬಹುದು? ಇಲ್ಲಿ ಭಾಷಣ ಮಾಡುವುದಿಲ್ಲ. ಎಲ್ಲಿ ಬಾಗಿಲು ಉಂಟು ಅಂತ ತೋರಿಸುತ್ತೇನೆ, ಅಷ್ಟೇ.

ಪಾರ್ಕು, ಉದ್ಯಾನ, ಆಟದ ಮೈದಾನ ಪಾಲಿಕೆಯ ಕೆಲಸವಾ ಅಲ್ವಾ ಅಂತ ಯಾರಾದರೂ ಕೇಳಿದರೆ ಸಂವಿಧಾನದ 12ನೇ ಅನುಸೂಚಿ ಓದಿ ಹೇಳಿ. ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯ ಉಂಟು, 12ನೆಯದು ಅದೇ. ಇದು 74ನೇ ತಿದ್ದುಪಡಿಯಲ್ಲಿ ಬಂದದ್ದು, 1993ರ ಜೂನಿನಿಂದ ಜಾರಿ. ಅದೇ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿಯೂ ಬಂತು, 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ಮಂಗಳೂರು 2011ರ ಗಣತಿಯಲ್ಲೇ ಐದು ಲಕ್ಷದ ಹತ್ತಿರ ಇತ್ತು. ಇಲ್ಲಿ 60 ವಾರ್ಡು. ಪಾರ್ಕು ನೋಡಿಕೊಳ್ಳುವ ಸಮಿತಿ ಅಂತ ಪಾಲಿಕೆಯಲ್ಲಿ ಪ್ರತ್ಯೇಕ ಇಲ್ಲ. ಇರುವುದು ನಾಲ್ಕು ಸ್ಥಾಯಿ ಸಮಿತಿ. ತೆರಿಗೆ ಹಣಕಾಸಿನದ್ದು ಒಂದು, ಆರೋಗ್ಯ ಶಿಕ್ಷಣದ್ದು ಒಂದು, ನಗರ ಯೋಜನೆಯದ್ದು ಒಂದು, ಲೆಕ್ಕಪತ್ರದ್ದು ಒಂದು. ಪಾಲಿಕೆಗೆ ಚುನಾಯಿತ ಪರಿಷತ್ತು ಇರುವಾಗ ನೀವು ಅರ್ಜಿ ಹಿಡಿದುಕೊಂಡು ಹೋಗುವುದಾದರೆ ಮೇಯರ್ ಜೊತೆ ಫೋಟೋ ತೆಗೆಯುವ ಮೊದಲು ಹಣಕಾಸಿನ ಸಮಿತಿಗೆ ಒಂದು ಪ್ರತಿ ಕೊಡಿ. 2025ರ ಫೆಬ್ರವರಿ ಕೊನೆಗೆ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಅದಕ್ಕೆ ಹಿಂದೆ 2019ರಲ್ಲೂ ಹೀಗೇ ಆಗಿತ್ತು. ಪರಿಷತ್ತು ಇಲ್ಲದ ಕಾಲದಲ್ಲಿ ರಸ್ತೆಯ ಹೊಂಡದ ಬಗ್ಗೆ ಗಲಾಟೆ ಮಾಡುವವರು ಸಿಗುತ್ತಾರೆ. ಪಾರ್ಕಿನ ಬಗ್ಗೆ ಕೇಳಲು ಯಾರೂ ಇರುವುದಿಲ್ಲ.

ಮತ್ತೆ ಬಜೆಟ್ಟಿನ ಮುಂಚಿನ ಸಭೆ. ಜನರನ್ನು ಕರೆದು ಸಲಹೆ ಕೇಳುತ್ತಾರೆ. ಪೇಪರಿನಲ್ಲಿ ಸಣ್ಣದಾಗಿ ಬರುತ್ತದೆ. ಹೆಚ್ಚಿನವರು ಹೋಗಿ "ನಮ್ಮ ಏರಿಯಾಕ್ಕೆ ಒಂದು ಪಾರ್ಕು ಬೇಕು" ಅನ್ನುತ್ತಾರೆ. ಅಧಿಕಾರಿ ಬರೆದುಕೊಳ್ಳುತ್ತಾರೆ. ಅದು ಅಲ್ಲಿಗೆ ಮುಗಿಯಿತು. ನೀವು ಹೋದರೆ ಬೇರೆ ಹಾಗೆ ಕೇಳಿ. ಈಗ ಇರುವ ಪಾರ್ಕುಗಳ ನಿರ್ವಹಣೆಗೆ ಹೋದ ವರ್ಷ ಎಷ್ಟು ಇಟ್ಟಿದ್ದಿರಿ, ಅದರಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಬೇರೆ ಶೀರ್ಷಿಕೆಗೆ ಹೋಯಿತು? ಈ ಪ್ರಶ್ನೆ ಬಂದರೆ ಲೆಕ್ಕ ವಿಭಾಗದವರು ತಲೆ ಎತ್ತಿ ನೋಡುತ್ತಾರೆ. ನಾನು ಎತ್ತುತ್ತಿದ್ದೆ. ನನ್ನ ಇಡೀ ನೌಕರಿಯಲ್ಲಿ ಅದನ್ನು ಕೇಳಿದವರು ಒಬ್ಬರೇ, ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್. ಅದರ ಮುಂದಿನ ವರ್ಷದ ಬಜೆಟ್ಟಿನಲ್ಲಿ ಪಾರ್ಕಿಗೆ ಒಂದು ಶೀರ್ಷಿಕೆ ಬಂತು. ಒಂದೇ ಒಂದು ಲಕ್ಷ, ಆದರೂ ಶೀರ್ಷಿಕೆ ಬಂತು. ಶೀರ್ಷಿಕೆ ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ, ಪ್ರತಿ ವರ್ಷ ಹಳೇ ಪುಸ್ತಕ ನೋಡಿಯೇ ಹೊಸ ಪುಸ್ತಕ ಬರೆಯುವುದು.

1985ರ ಒಂದು ಕಾನೂನು ಉಂಟು, ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಯದ್ದು. ಅದರ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಪಾರ್ಕು ಮೈದಾನಗಳ ಪಟ್ಟಿ ಇಡಬೇಕು. ನಿಮ್ಮ ಲೇಔಟಿನ ನಕ್ಷೆಯಲ್ಲಿ ಪಾರ್ಕು ಅಂತ ಬಿಟ್ಟ ಜಾಗ ಆ ಪಟ್ಟಿಯಲ್ಲಿ ಉಂಟಾ ಅಂತ ನೋಡಿ. ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಮೊದಲು ಒಂದು ನೀರಿನ ಟ್ಯಾಂಕಿ ಬರುತ್ತದೆ. ಆಮೇಲೆ ಒಂದು ಶೆಡ್ಡು. ಆಮೇಲೆ ನಾವು ಸಹಿ ಸಂಗ್ರಹ ಮಾಡುತ್ತೇವೆ.

ಉಡುಪಿಯವರು ಇಬ್ಬರು ಮುಂದೆ ಕೂತಿದ್ದಾರೆ, ಅವರಿಗಾಗಿ. ನಿಮ್ಮದು ನಗರಸಭೆ, 1964ರ ಪುರಸಭೆಗಳ ಕಾಯ್ದೆಯಲ್ಲಿ ನಡೆಯುವುದು, 35 ವಾರ್ಡು. ಜೇಬು ಸಣ್ಣದು, ಕಥೆ ಅದೇ. ಆದರೆ ನಿಮಗೆ ಅಜ್ಜರಕಾಡು ಉಂಟು. 1934ರಲ್ಲಿ ಗಾಂಧೀಜಿ ಬಂದು ಮಾತಾಡಿದ ಜಾಗ. ಈಗಲೂ ಸಂಜೆ ಅಲ್ಲಿ ಅಜ್ಜಂದಿರು, ಓಡುವ ಹುಡುಗರು, ಪ್ರೇಮಿಗಳು, ಪರೀಕ್ಷೆಗೆ ಓದುವವರು ಎಲ್ಲ ಒಟ್ಟಿಗೆ ಕಾಣುತ್ತಾರೆ. ನನಗೆ ಕೇಳಿದರೆ ಕರಾವಳಿಯಲ್ಲಿ ಪಾರ್ಕು ಅಂದರೆ ಅದು. ಅಲ್ಲಿ ದೊಡ್ಡ ಮರಗಳಿವೆ, ಅಷ್ಟೇ ಕಾರಣ.

ಕೊನೆಗೆ ಪ್ರಶ್ನೆಗಳು ಬಂದವು. ಬಲಬದಿಯಲ್ಲಿ ಕೂತಿದ್ದ ಒಬ್ಬರು ಅಕ್ಕ ಕೇಳಿದರು, "ಸರ್, ಪ್ರತಿ ಪಾರ್ಕಿಗೂ ಹತ್ತು ರೂಪಾಯಿ ಟಿಕೆಟ್ ಇಟ್ಟರೆ ಮಾಲಿಗೆ ಸಂಬಳ ಆಗುವುದಿಲ್ವಾ?" ದೊಡ್ಡ ಪಾರ್ಕಿಗೆ ಆಗಬಹುದು ಅಂದೆ. ವಾರ್ಡಿನ ಪಾರ್ಕಿನಲ್ಲಿ ಟಿಕೆಟ್ ಹರಿಯುವವನ ಸಂಬಳ ಮಾಲಿಯ ಸಂಬಳಕ್ಕಿಂತ ಜಾಸ್ತಿ ಆಗುತ್ತದೆ. ಅಲ್ಲದೆ ಹತ್ತು ರೂಪಾಯಿ ಉಳಿಸಲು ಮನೆಯಲ್ಲೇ ಕೂರುವ ಮಕ್ಕಳಿಗಾಗಿಯೇ ಆ ಪಾರ್ಕು ಇರುವುದು.

ಒಬ್ಬ ಹುಡುಗ, ಆರ್ಕಿಟೆಕ್ಚರ್ ಓದುವವನಂತೆ, ಕಂಪನಿಗಳಿಗೆ ದತ್ತು ಕೊಟ್ಟರೆ ಹೇಗೆ ಅಂತ ಕೇಳಿದ. ಕೊಡಬಹುದು, ಕೆಲವು ಚೆನ್ನಾಗಿಯೂ ನಡೆಯುತ್ತವೆ. ಆದರೆ ಕಂಪನಿಯ ಮ್ಯಾನೇಜರ್ ವರ್ಗವಾಗಿ ಹೋದ ಮೇಲೆ ಬೋರ್ಡು ಮಾತ್ರ ಉಳಿದ ಪಾರ್ಕುಗಳನ್ನೂ ನಾನು ನೋಡಿದ್ದೇನೆ. ಒಪ್ಪಂದದಲ್ಲಿ ವರ್ಷ ಎಷ್ಟು ಅಂತ ನೋಡಿ ಅಂದೆ. ಅವನು ಬರೆದುಕೊಂಡ.

ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಅಜ್ಜ ಕೈ ಎತ್ತಿದರು. ಎದ್ದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

"ನೀವು ಹೇಳಿದ್ದೆಲ್ಲ ಸರಿ. ನಮ್ಮ ಪಾರ್ಕಿನಲ್ಲಿ ಒಂದು ಟಾಯ್ಲೆಟ್ ಕಟ್ಟಿದ್ದಾರೆ. ಉದ್ಘಾಟನೆ ಆದ ದಿನದಿಂದ ಬೀಗ. ನನಗೆ ಶುಗರ್ ಉಂಟು, ವಾಕಿಂಗ್ ಅರ್ಧದಲ್ಲಿ ಮನೆಗೆ ಓಡಬೇಕು. ಅದರ ಕೀ ಯಾರ ಹತ್ತಿರ ಉಂಟು?"

ನಾನು ಸುಮ್ನೆ ನಿಂತೆ. ಆಗ ಬಾಗಿಲ ಹತ್ತಿರ ಲೋಟ ಜೋಡಿಸುತ್ತಿದ್ದ ಹುಡುಗ ಅಲ್ಲಿಂದಲೇ ಹೇಳಿದ, "ಅಜ್ಜೆರೆ, ಅದು ಎದುರಿನ ಜ್ಯೂಸ್ ಅಂಗಡಿಯಲ್ಲಿ ಉಂಟು. ಕೇಳಿದರೆ ಕೊಡ್ತಾರೆ."